ಏರ್‌ಬ್ಯಾಗ್ ಲೈಟ್ ಆರಿದೆ ಅಂದ ಮಾತ್ರಕ್ಕೆ

ಕಲಬುರಗಿಯಲ್ಲಿ ಕಾರುಗಳ ವೈರಿಂಗ್ ಕೆಲಸ ಮಾಡುತ್ತೇನೆ. ಹೋದ ಬೇಸಿಗೆಯಲ್ಲಿ ಸೇಡಂ ಕಡೆಯವರೊಬ್ಬರು ಆಗಷ್ಟೇ ಕೊಂಡಿದ್ದ ಸೆಕೆಂಡ್ ಹ್ಯಾಂಡ್ ಕಾರು ತಂದರು. ಹಾರ್ನ್ ಕೆಲಸ ಮಾಡುತ್ತಿಲ್ಲ, ಅಷ್ಟೇ. ಬ್ಯಾಟರಿ ಕಳಚಿ, ಏರ್‌ಬ್ಯಾಗ್ ಬಾಕ್ಸಿನ (ಬ್ಯಾಗ್ ಯಾವಾಗ ಉಬ್ಬಬೇಕು ಅಂತ ನಿರ್ಧರಿಸುವ ಪುಟ್ಟ ಕಂಪ್ಯೂಟರ್) ಕೆಪಾಸಿಟರ್‌ನಲ್ಲಿ ಉಳಿದ ಕರೆಂಟ್ ಇಳಿಯಲಿ ಅಂತ ಹತ್ತು ನಿಮಿಷ ಕಾದು, ಸ್ಟೀರಿಂಗ್ ಬಿಚ್ಚಿದೆ. ಏರ್‌ಬ್ಯಾಗೇ ಇಲ್ಲ! ಬರೀ ಹೊಸ ಮುಚ್ಚಳ. ಹಳದಿ ಕನೆಕ್ಟರ್‌ನ ಎರಡು ತಂತಿಗಳ ನಡುವೆ ಕರೆಂಟಿಗೆ ತಡೆ ಒಡ್ಡುವ ಒಂದು ಪುಟ್ಟ ರೆಸಿಸ್ಟರ್ ಬೆಸೆದು ಕಪ್ಪು ಟೇಪ್ ಸುತ್ತಿದ್ದರು.

"ಲೈಟ್ ಬರಂಗೇ ಇಲ್ಲಲ್ರೀ, ಎಲ್ಲಾ ಬರೋಬರಿ ಅದ ಅಂದ್ಕೊಂಡಿದ್ದೆ," ಅಂದರು ಅವರು. ಮರುವಾರ ಮಕ್ಕಳನ್ನು ಕೂರಿಸಿಕೊಂಡು ಹೈದರಾಬಾದಿಗೆ ಹೊರಟಿದ್ದರಂತೆ.

ಈ ಮೋಸ ಹೇಗೆ ನಡೆಯುತ್ತದೆ ಗೊತ್ತಾ? ಏರ್‌ಬ್ಯಾಗ್ ಹೊತ್ತಿಸುವ ಕಿಡಿಯ ತಂತಿಗೆ ಸುಮಾರು 2 ಓಮ್ ರೆಸಿಸ್ಟೆನ್ಸ್ ಇರುತ್ತದೆ. ಬಾಕ್ಸ್ ಆಗಾಗ ಚೂರೇ ಚೂರು ಕರೆಂಟ್ ಕಳಿಸಿ ಅದನ್ನು ಅಳೆಯುತ್ತದೆ. ಲೆಕ್ಕ ತಪ್ಪಿದರೆ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗಿನ ಎಚ್ಚರಿಕೆ ಲೈಟ್ ಹೊತ್ತುತ್ತದೆ. ಅಷ್ಟೇ ಓಮಿನ ರೆಸಿಸ್ಟರ್ ಇಟ್ಟರೆ ಬ್ಯಾಗ್ ಇದೆ ಅಂತಲೇ ಅದು ನಂಬುತ್ತದೆ.

ಹಿಂದೆ ಏರ್‌ಬ್ಯಾಗಿಗೆ ಇಷ್ಟು ಬುದ್ಧಿಯೂ ಇರಲಿಲ್ಲ. ಅಮೆರಿಕದ ಆಲನ್ ಬ್ರೀಡ್ 1968ರ ಹೊತ್ತಿಗೆ ರೂಪಿಸಿದ, ಡಿಕ್ಕಿ ಗುರುತಿಸುವ ಸೆನ್ಸರ್‌ನ ಸಾಲಿನಲ್ಲಿ ಬಂದದ್ದು ಕೊಳವೆಯೊಳಗಿನ ಗುಂಡು. ಡಿಕ್ಕಿಯ ಹೊಡೆತಕ್ಕೆ ಅದು ಮುಂದೆ ಉರುಳಿ ಎರಡು ಸಂಪರ್ಕ ಕೂಡಿಸುತ್ತಿತ್ತು. ಹೌದು ಅಥವಾ ಇಲ್ಲ, ಎರಡೇ ಉತ್ತರ. 1980ರ ಕೊನೆಗೆ ಮರ್ಸಿಡಿಸ್ ಎಸ್-ಕ್ಲಾಸ್‌ನಲ್ಲಿ ಏರ್‌ಬ್ಯಾಗನ್ನೂ ಬೆಲ್ಟ್ ಬಿಗಿ ಮಾಡುವ ಸಾಧನವನ್ನೂ ಒಂದೇ ಎಲೆಕ್ಟ್ರಾನಿಕ್ ಬಾಕ್ಸ್ ನೋಡಿಕೊಂಡಿತು. 1990ರ ದಶಕದಲ್ಲಿ ಸಿಲಿಕಾನ್ ಚಿಪ್ ಸೆನ್ಸರ್ ಬಂದ ಮೇಲೆ ಬಾಕ್ಸ್ ಹೊಡೆತವನ್ನು ಕ್ಷಣಕ್ಷಣಕ್ಕೂ ಅಳೆಯತೊಡಗಿತು. ನಮ್ಮ ರಸ್ತೆಯ ಗುಂಡಿ ಯಾವುದು, ಶಹಾಬಾದ್ ಕಲ್ಲು ಹೇರಿದ ಲಾರಿಗೆ ಗುದ್ದಿದ್ದು ಯಾವುದು ಅಂತ ಬೇರೆ ಮಾಡಬೇಕಲ್ವಾ? ಅದೂ ಎದುರು ಡಿಕ್ಕಿಗೆ 15ರಿಂದ 30 ಮಿಲಿಸೆಕೆಂಡಿನಲ್ಲಿ. ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಬ್ಯಾಗ್ ಉಬ್ಬಿ ಇಳಿಯತೊಡಗಿರುತ್ತದೆ. ಪಕ್ಕದ ಡಿಕ್ಕಿಗೆ ಇನ್ನೂ ಕಡಿಮೆ ಸಮಯ, ಬಾಗಿಲು ನಮ್ಮಿಂದ ಒಂದು ಗೇಣು ದೂರ ಅಷ್ಟೇ. ಅದಕ್ಕೇ ಕೆಲವು ಕಾರುಗಳ ಬಾಗಿಲೊಳಗೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. (ಕಾರಿನ ಮುಂಭಾಗಕ್ಕೆ ಕಬ್ಬಿಣದ ದೊಡ್ಡ ಗಾರ್ಡ್ ಹಾಕಿಸಬೇಡಿ, ದಯವಿಟ್ಟು. ಹೊಡೆತ ಸೆನ್ಸರ್‌ಗೆ ತಲುಪುವ ರೀತಿಯೇ ಬದಲಾಗುತ್ತದೆ.)

2019ರ ಜುಲೈಯಿಂದ ನಮ್ಮಲ್ಲೂ ಹೊಸ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. ಆ ಕಾರುಗಳೆಲ್ಲ ಈಗ ಸೆಕೆಂಡ್ ಹ್ಯಾಂಡ್ ಆಗಿ ಕೈ ಬದಲಾಯಿಸುತ್ತಿವೆ. ಕೊಳ್ಳುವ ಮುಂಚೆ ಕೀ ತಿರುಗಿಸಿ: ಲೈಟ್ ಕೆಲವು ಸೆಕೆಂಡ್ ಉರಿದು ಆರಬೇಕು. ಉರಿಯದೇ ಇದ್ದರೆ ಬಲ್ಬನ್ನೇ ಕಿತ್ತಿರಬಹುದು. ಕಾರಿಗೆ ಜೋಡಿಸಿ ದೋಷ ಓದುವ ಸ್ಕ್ಯಾನರ್ ಒಂದನ್ನೇ ನಂಬಬೇಡಿ. ಮೋಸ ಹೋದ ಬಾಕ್ಸನ್ನೇ ಅದೂ ಕೇಳುವುದು. ಗೊತ್ತಿರುವವರಿಂದ ಸ್ಟೀರಿಂಗ್ ಬಿಚ್ಚಿಸಿ, ಬ್ಯಾಗನ್ನು ಕಣ್ಣಾರೆ ನೋಡಿ ಆಮೇಲೆ ದುಡ್ಡು ಕೊಡಿ.