ನಾಲ್ಕು ದಿನ ಹೊಗಳಿದ್ದು ಅರವತ್ತನ್ನೇ

ಹೊಸ ಮಾನಿಟರ್ ಮನೆಗೆ ಬಂದ ದಿನ ರಾತ್ರಿ ಹನ್ನೊಂದರವರೆಗೆ ನಾನು ಅದರ ಮುಂದಿನಿಂದ ಎದ್ದಿರಲಿಲ್ಲ. 27 ಇಂಚಿನ ಪರದೆ. ಅಡ್ಡಕ್ಕೆ 2560 ಚುಕ್ಕೆ, ಉದ್ದಕ್ಕೆ 1440 ಚುಕ್ಕೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 165 ಹರ್ಟ್ಸ್ ಅಂತ ಬರೆದಿತ್ತು. ಕಾರು ಓಡಿಸುವ ಆಟವೊಂದನ್ನು ಹಾಕಿದೆ. ‘ಬೆಣ್ಣೆ ಜಾರಿದ ಹಾಗಿದೆ’ ಎಂದು ಮನೆಯಲ್ಲಿ ಹೇಳಿದೆ, ಮಾರನೇ ದಿನ ಆಫೀಸಿನಲ್ಲೂ ಹೇಳಿದೆ. ಹಳೆಯ ಮಾನಿಟರಿನಲ್ಲಿ ಇಷ್ಟು ವರ್ಷ ಹೇಗೆ ಕಾಲ ಹಾಕಿದೆನೋ ಎಂದು ನನ್ನ ಮೇಲೆ ನನಗೇ ಮರುಕ ಬಂತು.

ಐದನೇ ದಿನ ಅಕ್ಕನ ಮಗ ಬಂದ. ಪಿಯುಸಿ ಓದುವ ಹುಡುಗ. ಕುರ್ಚಿಯಲ್ಲಿ ಕೂತು ಮೌಸನ್ನು ಎರಡು ಸುತ್ತು ತಿರುಗಿಸಿದ, ಅಷ್ಟೇ.

‘ಮಾಮ, ಇದು ಅರವತ್ತರಲ್ಲೇ ಓಡ್ತಿದೆಯಲ್ಲ.’

ಸೆಟ್ಟಿಂಗ್ಸ್ ತೆಗೆದು ನೋಡಿದರೆ ನಿಜ. ಡಿಸ್‌ಪ್ಲೇ, ಅದರೊಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ, ಅಲ್ಲಿ ರಿಫ್ರೆಶ್ ರೇಟ್ ಎದುರು 60 ಎಂದಿತ್ತು. ಹೊಸ ಮಾನಿಟರ್ ಸಿಕ್ಕಿಸಿದಾಗ ವಿಂಡೋಸ್ ಅದನ್ನು 60ರಲ್ಲೇ ಬಿಟ್ಟುಬಿಡುವುದು ಹೊಸದೇನಲ್ಲ. ನಾಲ್ಕು ದಿನ ನಾನು ಹೊಗಳಿದ್ದು ಹಳೆಯ ವೇಗವನ್ನೇ. ದೊಡ್ಡ ಪರದೆ, ಒಳ್ಳೆ ಬಣ್ಣ, ಜೊತೆಗೆ ಕೊಟ್ಟ ದುಡ್ಡು. ಇವು ಮೂರೂ ಸೇರಿ ನನ್ನ ಕಣ್ಣಿಗೆ ಬೆಣ್ಣೆ ಹಚ್ಚಿದ್ದವು.

ಹುಡುಗನಿಗೆ ಗೊತ್ತಾದದ್ದು ಹೇಗೆ? ಅವನು ಮೌಸಿನ ಬಾಣ ನೋಡಿದ್ದ. ಪರದೆಯ ಮೇಲೆ ಬಾಣ ನಿಜವಾಗಿ ಓಡುವುದಿಲ್ಲ. ಒಂದು ಕಡೆ ಕಾಣಿಸಿಕೊಂಡು, ಅಲ್ಲಿ ಅಳಿಸಿ, ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತದೆ. ಸೆಕೆಂಡಿಗೆ ಇಂಥದ್ದು ಎಷ್ಟು ಸಲ ನಡೆಯುತ್ತದೆ ಎಂಬ ಲೆಕ್ಕವೇ ಹರ್ಟ್ಸ್. ಕಾಲು ಸೆಕೆಂಡಿನಲ್ಲಿ ಬಾಣವನ್ನು ಒಂದು ಸುತ್ತು ಸುತ್ತಿಸಿದರೆ 60 ಹರ್ಟ್ಸ್ ಪರದೆಯಲ್ಲಿ 15 ಬಾಣಗಳು ಬಿಡಿಬಿಡಿಯಾಗಿ ಬಳೆಯ ಆಕಾರದಲ್ಲಿ ನಿಂತಂತೆ ಕಾಣುತ್ತವೆ. 165ರಲ್ಲಾದರೆ 41. ಬಳೆ ತುಂಬಿಕೊಳ್ಳುತ್ತದೆ. ಹಳೇ ಚೋಕ್ ಟ್ಯೂಬ್‌ಲೈಟ್ ಇನ್ನೂ ಮನೆಯಲ್ಲಿದ್ದರೆ ಅದರ ಕೆಳಗೆ ಪೆನ್ನೊಂದನ್ನು ಜೋರಾಗಿ ಆಡಿಸಿ ನೋಡಿ, ಅಲ್ಲೂ ಹೀಗೇ ಸಾಲು ಪೆನ್ನು ಕಾಣುತ್ತವೆ. ನಮ್ಮ ಕರೆಂಟು 50 ಹರ್ಟ್ಸ್. ಪ್ರತಿ ಸುತ್ತಿಗೆ ಎರಡು ಸಲ ಬೆಳಕು ಏರಿ ಇಳಿಯುವುದರಿಂದ ಆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸುಮ್ನೆ ಕೂತು ನೋಡಿದರೆ ಗೊತ್ತಾಗಲ್ಲ, ಏನಾದರೂ ಚಲಿಸಿದಾಗ ಮಾತ್ರ ಗುಟ್ಟು ಹೊರಬೀಳುತ್ತದೆ.

‘ಕಣ್ಣಿಗೆ 24 ಸಾಕು, ಸಿನಿಮಾ ಓಡೋದೇ ಅಷ್ಟರಲ್ಲಿ’ ಎಂದು ವಾದಿಸುವವರು ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ. ಸಿನಿಮಾದವರಿಗೂ ಬರೀ 24 ಸಾಕಾಗಿರಲಿಲ್ಲ. ಪರದೆ ಮಿನುಗಿ ಕಣ್ಣು ನೋಯುತ್ತಿತ್ತು. ಅದಕ್ಕೇ ರೀಲು ಓಡಿಸುವ ಪ್ರೊಜೆಕ್ಟರುಗಳಲ್ಲಿ ಒಂದೊಂದು ಚಿತ್ರವನ್ನೂ ಎರಡು ಅಥವಾ ಮೂರು ಸಲ ಬೆಳಗಿಸುವ ರೆಕ್ಕೆ ಇರುತ್ತಿತ್ತು. ಕಣ್ಣಿಗೆ ಬೀಳುತ್ತಿದ್ದದ್ದು 48 ಅಥವಾ 72 ಮಿಂಚು. ಮೇಲಾಗಿ ಕ್ಯಾಮೆರಾದ ಕಣ್ಣು ತೆರೆದಿರುವಷ್ಟು ಹೊತ್ತು ಓಡುವ ಕುದುರೆ ತಾನಾಗಿಯೇ ಸ್ವಲ್ಪ ಮಸುಕಾಗುತ್ತದೆ, ಆ ಮಸುಕೇ ಒಂದು ಚಿತ್ರವನ್ನು ಇನ್ನೊಂದಕ್ಕೆ ಬೆಸೆಯುತ್ತದೆ. ಆಟದ ಚಿತ್ರಗಳು ಹಾಗಲ್ಲ. ಒಂದೊಂದೂ ಕತ್ತರಿಸಿಟ್ಟ ಹಾಗೆ ಚೂಪಾಗಿರುತ್ತವೆ.

ಆದರೂ ಓಡುವಾಗ ಅವು ಮಸುಕಾಗಿ ಕಾಣುತ್ತವಲ್ಲ, ಯಾಕೆ? ನನಗೆ ತುಂಬ ಹಿಡಿಸಿದ ಸಂಗತಿ ಇದೇ. ಇದನ್ನು ನೋಡಲು ಆಟವೇ ಬೇಕಿಲ್ಲ, ಯಾವುದಾದರೂ ಕನ್ನಡ ಸುದ್ದಿ ಪುಟ ತೆರೆದು ಸ್ಕ್ರೋಲ್ ಮಾಡಿದರೆ ಸಾಕು. ಪುಟ ಮೇಲಕ್ಕೆ ಸರಿಯುವಾಗ ಓದಲು ನೋಡುವ ಕಣ್ಣು ಅದರ ಜೊತೆಗೇ ಒಂದೇ ಸಮನೆ ಮೇಲಕ್ಕೆ ಸರಿಯುತ್ತದೆ. ಪರದೆಯ ಮೇಲಿನ ಅಕ್ಷರ ಮಾತ್ರ ಹಾಗೆ ಸರಿಯದು. 60 ಹರ್ಟ್ಸ್ ಪರದೆಯಲ್ಲಿ ಅದು 16.7 ಮಿಲಿಸೆಕೆಂಡು ಒಂದೇ ಜಾಗದಲ್ಲಿ ನಿಂತು, ಆಮೇಲೆ ಮುಂದಿನ ಜಾಗಕ್ಕೆ ಹಾರುತ್ತದೆ. ಪುಟ ಸೆಕೆಂಡಿಗೆ 960 ಚುಕ್ಕೆಯ ವೇಗದಲ್ಲಿ ಸರಿಯುತ್ತಿದ್ದರೆ, ಅಕ್ಷರ ನಿಂತಿರುವ ಅಷ್ಟರಲ್ಲಿ ಕಣ್ಣು 16 ಚುಕ್ಕೆ ಮುಂದೆ ಹೋಗಿರುತ್ತದೆ. ಒಳಗಿನ ರೆಟಿನಾದ ಮೇಲೆ ಅಕ್ಷರ 16 ಚುಕ್ಕೆಯಷ್ಟು ಬಳಿದುಕೊಳ್ಳುತ್ತದೆ, ಒದ್ದೆ ಶಾಯಿಯ ಮೇಲೆ ಬೆರಳಾಡಿಸಿದ ಹಾಗೆ.

ಕನ್ನಡಕ್ಕೆ ಇದರ ಏಟು ಜಾಸ್ತಿ. ನಮ್ಮ ಒತ್ತಕ್ಷರ ಕೂರುವುದು ಅಕ್ಷರದ ಕೆಳಗೆ. ಪುಟ ಮೇಲೆ ಕೆಳಗೆ ಸರಿದಾಗ ಮಸುಕು ಹಬ್ಬುವುದೂ ಅದೇ ದಿಕ್ಕಿನಲ್ಲಿ. ‘ಕ್ಕ’ದ ಒತ್ತು ಮೇಲಿನ ‘ಕ’ಕ್ಕೆ ಮೆತ್ತಿಕೊಳ್ಳುತ್ತದೆ. ‘ಸ್ತ್ರೀ’ ಥರದ ಪದ ಬರೀ ಕಪ್ಪು ಚುಕ್ಕೆಯಾಗುತ್ತದೆ. 165 ಹರ್ಟ್ಸ್‌ನಲ್ಲಿ ಅದೇ ಪುಟವನ್ನು ಅದೇ ವೇಗದಲ್ಲಿ ಸರಿಸಿದರೆ ಮಸುಕು 6 ಚುಕ್ಕೆಗೆ ಇಳಿಯುತ್ತದೆ. ತಲೆಬರಹ ಸರಿಯುತ್ತಿರುವಾಗಲೇ ಓದಬಹುದು. ಗೇಮಿಂಗ್ ಮಾನಿಟರ್ ಅಂತ ಮಾರುತ್ತಾರೆ, ನನಗೆ ಅದರಿಂದ ಜಾಸ್ತಿ ಉಪಯೋಗವಾಗಿದ್ದು ಪೇಪರ್ ಓದುವುದಕ್ಕೆ! ಹಳೇ ಡಬ್ಬಾ ಮಾನಿಟರಿನಲ್ಲಿ ಈ ತೊಂದರೆ ಕಡಿಮೆ ಇತ್ತು. ಅಲ್ಲಿ ಒಂದೊಂದು ಚುಕ್ಕೆಯೂ ಕ್ಷಣಹೊತ್ತು ಮಿಂಚಿ ಆರಿಹೋಗುತ್ತಿತ್ತು. ನಿಂತಿರುತ್ತಿರಲಿಲ್ಲವಾದ್ದರಿಂದ ಬಳಿದುಕೊಳ್ಳುವ ಮಾತೂ ಇರಲಿಲ್ಲ. ಬದಲಿಗೆ ಮಿನುಗು ಇತ್ತು, ಸಂಜೆಗೆ ತಲೆನೋವು ಇತ್ತು.

ಸರಿ, ಹುಡುಗ ಪಟ್ಟಿಯಿಂದ 144 ಆರಿಸಿದ. 165 ಆ ಪಟ್ಟಿಯಲ್ಲೇ ಇರಲಿಲ್ಲ. ಪರದೆ ಕಪ್ಪಾಯಿತು, ಒಮ್ಮೆ ಬಂತು, ಮತ್ತೆ ಕಪ್ಪಾಯಿತು. ಹದಿನೈದು ಸೆಕೆಂಡು ಕಾದು ವಿಂಡೋಸ್ ತಾನೇ ಹಳೆಯ 60ಕ್ಕೆ ವಾಪಸ್ಸು ಹೋಯಿತು. ಮಾನಿಟರ್ ಕೆಟ್ಟಿದೆ, ಅಂಗಡಿಗೆ ಫೋನ್ ಮಾಡಬೇಕು ಎಂದು ನಾನು ಮೊಬೈಲ್ ಹುಡುಕುತ್ತಿದ್ದೆ. ಅವನು ಮೇಜಿನ ಹಿಂದೆ ತಲೆ ತೂರಿಸಿದ.

‘ಈ ಕೇಬಲ್ ಎಲ್ಲಿಂದ ತಂದ್ರಿ?’

ಹಳೆಯ ಮಾನಿಟರಿನದೇ. ಅದಕ್ಕೂ ಮೊದಲು ಸೆಟ್‌ಟಾಪ್ ಬಾಕ್ಸಿನದು. ಆಗಲೇ ಕಂಪ್ಯೂಟರಿನೊಳಗೆ ಚಿತ್ರ ಬಿಡಿಸಿಕೊಡುವ ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸಿಯೇ ಇತ್ತು, ಮೇಜು ಎಳೆಯುವ ಸೋಮಾರಿತನಕ್ಕೆ ಹಾಗೇ ಬಿಟ್ಟಿದ್ದೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಕಷ್ಟದ್ದೇನಲ್ಲ. 2560ನ್ನು 1440ರಿಂದ ಗುಣಿಸಿದರೆ 36,86,400 ಚುಕ್ಕೆ. ಒಂದು ಚುಕ್ಕೆಯ ಬಣ್ಣ ಹೇಳಲು 24 ಬಿಟ್, ಅಂದರೆ 24 ಸೊನ್ನೆ-ಒಂದುಗಳು ಬೇಕು. ಅಲ್ಲಿಗೆ ಒಂದು ಚಿತ್ರಕ್ಕೆ 8.85 ಕೋಟಿ ಬಿಟ್. ಸೆಕೆಂಡಿಗೆ 60 ಚಿತ್ರ ಎಂದರೆ 531 ಕೋಟಿ. 144 ಎಂದರೆ 1274 ಕೋಟಿ. 165 ಎಂದರೆ 1460 ಕೋಟಿ. ಇಷ್ಟೂ ಬಿಟ್‌ಗಳು ಪ್ರತಿ ಸೆಕೆಂಡೂ ಕಾರ್ಡಿನಿಂದ ಹೊರಟು ಒಂದು ಕೇಬಲ್ ಹಾದು ಪರದೆ ಮುಟ್ಟಬೇಕು.

ಇನ್ನು ದಾರಿ. ಕಾರ್ಡಿನಿಂದ ಪರದೆಗೆ ಹೋಗುವ ಕೇಬಲ್ಲಿನಲ್ಲಿ ಎಚ್‌ಡಿಎಂಐ ಒಂದು ಜಾತಿ, ಡಿಸ್‌ಪ್ಲೇಪೋರ್ಟ್ ಇನ್ನೊಂದು. ನನ್ನ ಹಳೆಯದು ಎಚ್‌ಡಿಎಂಐ. 2009ರ ಎಚ್‌ಡಿಎಂಐ 1.4ರಲ್ಲಿ ಚಿತ್ರಕ್ಕೆ ಸಿಗುವುದು ಸೆಕೆಂಡಿಗೆ 816 ಕೋಟಿ ಬಿಟ್. 2013ರ ಎಚ್‌ಡಿಎಂಐ 2.0ರಲ್ಲಿ 1440 ಕೋಟಿ. ಕೇಬಲ್ಲಿನ ಡಬ್ಬಿಯ ಮೇಲೆ 18 ಗಿಗಾಬಿಟ್, ಅಂದರೆ 1800 ಕೋಟಿ ಎಂದಿರುತ್ತದೆ. ಆದರೆ ತಂತಿಯಲ್ಲಿ ಸರಿಯಾಗಿ ಸಾಗಲೆಂದು ಪ್ರತಿ 8 ಬಿಟ್ಟನ್ನು 10 ಮಾಡಿ ಕಳಿಸುವುದರಿಂದ ಐದರಲ್ಲಿ ಒಂದು ಪಾಲು ಸಾಗಾಟಕ್ಕೇ ಹೋಗುತ್ತದೆ. ಡಿಸ್‌ಪ್ಲೇಪೋರ್ಟ್ 1.2ರಲ್ಲಿ 1728 ಕೋಟಿ, 1.4ರಲ್ಲಿ 2592 ಕೋಟಿ. ಸಾಲು ಸಾಲಿನ ನಡುವೆ ಬಿಡುವ ಖಾಲಿ ಸಮಯಕ್ಕೂ ಒಂದಿಷ್ಟು ಸೇರಿಸಿಕೊಳ್ಳಬೇಕು. ಡಬ್ಬಾ ಮಾನಿಟರಿನ ಕಾಲದಲ್ಲಿ ಇಲೆಕ್ಟ್ರಾನ್ ಕಿರಣ ಮತ್ತೆ ಮೊದಲಿಗೆ ಬರಲು ಬಿಡುತ್ತಿದ್ದ ಸಮಯ ಅದು. ಕಿರಣ ಹೋಯಿತು, ಬಿಡುವು ಚಿಕ್ಕದಾಗಿ ಉಳಿದಿದೆ.

ಈಗ ಲೆಕ್ಕ ತಾಳೆ ನೋಡಿ. ಎಚ್‌ಡಿಎಂಐ 2.0ರಲ್ಲಿ 144 ಹೇಗೋ ತೂರುತ್ತದೆ, 165 ತೂರುವುದೇ ಇಲ್ಲ. ಅದಕ್ಕೇ ಪಟ್ಟಿಯಲ್ಲಿ 165 ಇರಲಿಲ್ಲ. 144 ಇತ್ತು, ಆದರೆ 1.4ರ ಕಾಲದ ನನ್ನ ಕೇಬಲ್ಲಿಗೆ ಅಷ್ಟು ಹರಿವು ತಡೆಯಲಾಗಲಿಲ್ಲ. ತೋಟದವರಿಗೆ ಇದು ಹೊಸ ಮಾತಲ್ಲ. ಬೋರಿನಲ್ಲಿ ನೀರಿದೆ, ಮೋಟರ್ ದೊಡ್ಡದಿದೆ, ಆದರೂ ಹಾಸಿದ್ದು ಒಂದಿಂಚಿನ ಪೈಪಾದರೆ ತುದಿಯಲ್ಲಿ ಬರುವುದು ಅಷ್ಟೇ.

ಪಟ್ಟಿ ತಯಾರಾಗುವ ರೀತಿಯೂ ಚೆನ್ನಾಗಿದೆ. ಕೇಬಲ್ ಸಿಕ್ಕಿಸಿದೊಡನೆ ಮಾನಿಟರ್ ತನ್ನ ಜಾತಕವನ್ನು ಕಾರ್ಡಿಗೆ ಕಳಿಸುತ್ತದೆ. ತನ್ನ ಹೆಸರೇನು, ಅಗಲ ಎಷ್ಟು, ಯಾವ ಯಾವ ವೇಗದಲ್ಲಿ ಓಡಬಲ್ಲೆ, ಎಲ್ಲ ಅದರಲ್ಲಿರುತ್ತದೆ. ಇಡಿಐಡಿ ಎಂದು ಹೆಸರು. ಇದರ ಮೂಲ ತುಂಡು ಬರೀ 128 ಬೈಟ್. 1994ರಲ್ಲಿ ವೆಸಾ ಎಂಬ ಸಂಸ್ಥೆ ಗೊತ್ತುಮಾಡಿದ್ದು. ತಮಾಷೆ ಅಂದರೆ ಒಂದೇ ಮಾನಿಟರ್ ಎಚ್‌ಡಿಎಂಐ ಕಿಂಡಿಯಲ್ಲಿ ಒಂದು ಜಾತಕ, ಡಿಸ್‌ಪ್ಲೇಪೋರ್ಟ್ ಕಿಂಡಿಯಲ್ಲಿ ಇನ್ನೊಂದು ಜಾತಕ ತೋರಿಸಬಹುದು. ನನ್ನದು ಹಾಗೇ ಮಾಡುತ್ತಿತ್ತು. ಮಧ್ಯದ ಕೇಬಲ್ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಗಂಡು ಹೆಣ್ಣು ಒಪ್ಪಿದರೂ ಕೇಬಲ್ ಕೈ ಕೊಡುವುದು ಅದಕ್ಕೇ.

ಡಿಸ್‌ಪ್ಲೇಪೋರ್ಟ್ ಕೇಬಲ್ ಮಾನಿಟರಿನ ಡಬ್ಬಿಯಲ್ಲೇ, ಥರ್ಮಾಕೋಲಿನ ಕೆಳಗೆ, ಪ್ಲಾಸ್ಟಿಕ್ ಕೂಡ ಬಿಚ್ಚದೆ ಬಿದ್ದಿತ್ತು. ಹುಡುಗ ಅದನ್ನು ಸಿಕ್ಕಿಸಿದ. ಪಟ್ಟಿಯ ತುದಿಯಲ್ಲಿ 165 ಬಂತು.

ಇಷ್ಟಕ್ಕೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ನನ್ನ ಕಾರ್ಡ್ 2016ರಲ್ಲಿ ಬಂದ ಎನ್‌ವಿಡಿಯಾ ಜಿಟಿಎಕ್ಸ್ 1060. ಪರದೆ 165 ಚಿತ್ರ ತೋರಿಸಲು ತಯಾರು, ಕಾರ್ಡ್ ಅಷ್ಟನ್ನು ಬಿಡಿಸಿ ಕೊಡಬೇಕಲ್ಲ? ಹಗುರವಾದ ಶೂಟಿಂಗ್ ಆಟದಲ್ಲಿ ಅದು 150ರ ಹತ್ತಿರ ಹೋಗುತ್ತದೆ. ಕಾಡು, ಮಳೆ, ನೆರಳು ತುಂಬಿದ ಭಾರದ ಆಟದಲ್ಲಿ 50 ಮುಟ್ಟಲು ಏದುಸಿರು ಬಿಡುತ್ತದೆ.

ಎರಡರ ತಾಳ ತಪ್ಪಿದರೆ ಏನಾಗುತ್ತದೆ ಎಂಬುದನ್ನು ದೀಪದ ಕಂಬವೊಂದರಲ್ಲಿ ನೋಡಿದೆ. ಆಟದಲ್ಲಿ ಬೀದಿಯ ಮೂಲೆಯಲ್ಲಿ ನಿಂತು ಸರಕ್ಕನೆ ತಿರುಗಿದಾಗ ಕಂಬದ ಕೆಳಗಿನ ಅರ್ಧ ಒಂದು ಗೇಣು ಮುಂದೆ ಹೋಗಿತ್ತು, ಮೇಲಿನ ಅರ್ಧ ಹಿಂದೆಯೇ ನಿಂತಿತ್ತು. ಪರದೆ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ತುಂಬುತ್ತದೆ. ಅರ್ಧ ತುಂಬುವಷ್ಟರಲ್ಲಿ ಕಾರ್ಡ್ ಹೊಸ ಚಿತ್ರ ಕೊಟ್ಟರೆ ಉಳಿದರ್ಧ ಹೊಸದರಿಂದ ಬರುತ್ತದೆ. ಟೇರಿಂಗ್ ಅನ್ನುತ್ತಾರೆ. ಇದಕ್ಕೆ ಹಳೆಯ ಮದ್ದು ವಿ-ಸಿಂಕ್. ಪರದೆಯ ಸಮಯಕ್ಕೇ ಕಾರ್ಡ್ ಕೊಡಬೇಕು, ತಪ್ಪಿದರೆ ಮುಂದಿನ ಸಲಕ್ಕೆ ಕಾಯಬೇಕು. 60 ಹರ್ಟ್ಸ್ ಪರದೆಯಲ್ಲಿ ಚಿತ್ರ 17 ಮಿಲಿಸೆಕೆಂಡಿಗೆ ತಯಾರಾದರೆ, ಕೂದಲೆಳೆಯಷ್ಟು ತಡ, 33ರವರೆಗೆ ಕಾಯಬೇಕು. ಒಂದು ನಿಮಿಷ ತಡವಾಗಿ ಸ್ಟ್ಯಾಂಡಿಗೆ ಹೋದವನಿಗೆ ಬಸ್ಸು ತಪ್ಪಿದ ಹಾಗೆ.

ಈಗಿನ ಮಾನಿಟರುಗಳು ಊರಿನ ಟೆಂಪೋ ಥರ. ಸೀಟು ತುಂಬಿದ ಮೇಲೇ ಹೊರಡುವುದು. ಕಾರ್ಡಿನಲ್ಲಿ ಚಿತ್ರ ತಯಾರಾಗುವವರೆಗೆ ಪರದೆಯೇ ಕಾಯುತ್ತದೆ. 2013ರ ಅಕ್ಟೋಬರಿನಲ್ಲಿ ಎನ್‌ವಿಡಿಯಾ ಜಿ-ಸಿಂಕ್ ಹೆಸರಿನಲ್ಲಿ ಇದನ್ನು ತಂದಾಗ ಮಾನಿಟರಿನೊಳಗೆ ಅದರದೇ ಒಂದು ಬೋರ್ಡ್ ಕೂರಬೇಕಿತ್ತು, ಬೆಲೆಯೂ ಅದಕ್ಕೆ ತಕ್ಕ ಹಾಗೆ. 2014ರಲ್ಲಿ ವೆಸಾ ಇದೇ ಕೆಲಸಕ್ಕೆ ಅಡಾಪ್ಟಿವ್-ಸಿಂಕ್ ಎಂಬ ಎಲ್ಲರಿಗೂ ತೆರೆದ ದಾರಿ ಮಾಡಿತು. ಕಾರ್ಡ್ ಮಾಡುವ ಇನ್ನೊಂದು ಕಂಪನಿ ಎಎಂಡಿ ಅದನ್ನು ಹಿಡಿದು ಫ್ರೀಸಿಂಕ್ ಮಾಡಿತು. ಐದು ವರ್ಷ ಗ್ರಾಹಕನಿಗೆ ಪೇಚಾಟ. ಅವರ ಕಾರ್ಡಿದ್ದರೆ ಇವರ ಮಾನಿಟರ್ ಇಲ್ಲ, ಇವರದಿದ್ದರೆ ಅವರದಿಲ್ಲ. ಕೊನೆಗೆ 2019ರ ಜನವರಿಯಲ್ಲಿ ಎನ್‌ವಿಡಿಯಾ ಫ್ರೀಸಿಂಕ್ ಮಾನಿಟರುಗಳಿಗೂ ಬಾಗಿಲು ತೆಗೆಯಿತು. 400 ಮಾನಿಟರ್ ಪರೀಕ್ಷಿಸಿದೆವು, 12 ಪಾಸಾದವು ಎಂದು ಘೋಷಿಸಿತು. ಫೇಲಾದವುಗಳಲ್ಲೂ ನೀವೇ ಆನ್ ಮಾಡಿಕೊಂಡು ನೋಡಬಹುದು, ಎಷ್ಟೋ ಕಡೆ ಚೆನ್ನಾಗಿಯೇ ನಡೆಯುತ್ತದೆ. ನನ್ನಂಥ 1060 ಇದ್ದವರಿಗೆ ಮಾತ್ರ ಒಂದು ಷರತ್ತು. ಡಿಸ್‌ಪ್ಲೇಪೋರ್ಟಿನಲ್ಲೇ ಸಿಕ್ಕಿಸಬೇಕು. ನೋಡಿದಿರಾ, ಮತ್ತೆ ಅದೇ ಕೇಬಲ್!

ಆನ್ ಮಾಡಿದೆ. ಕಂಬ ನೆಟ್ಟಗೆ ನಿಂತಿತು. ಆಟ 50 ಚಿತ್ರದಲ್ಲೇ ಓಡುತ್ತಿದ್ದರೂ ಎಡವುವುದು ನಿಂತಿತು. ನನ್ನ ಮಾನಿಟರ್ ಹೀಗೆ ಕಾಯುವುದು 48ರಿಂದ 165ರ ನಡುವೆ. ಅದಕ್ಕಿಂತ ಕೆಳಗಿಳಿದರೆ ಒಂದೊಂದು ಚಿತ್ರವನ್ನೂ ಎರಡೆರಡು ಸಲ ತೋರಿಸುತ್ತದೆ. 40 ಬಂದರೆ ಪರದೆ 80ರಲ್ಲಿ ಓಡುತ್ತದೆ. ಪ್ರೊಜೆಕ್ಟರಿನ ರೆಕ್ಕೆಯ ಕಥೆಯೇ ಇದು, ವೇಷ ಬೇರೆ.

ಕೊಳ್ಳುವವರು ಕೇಳಿದರೆ ನಾನು ಹೇಳುವುದು ಇಷ್ಟು. 60ರಿಂದ 144ಕ್ಕೆ ಹೋದರೆ ಒಂದು ಚಿತ್ರಕ್ಕೆ ಸುಮಾರು 10 ಮಿಲಿಸೆಕೆಂಡು ಉಳಿಯುತ್ತದೆ. 144ರಿಂದ 240ಕ್ಕೆ ಹೋದರೆ 3 ಕೂಡ ಇಲ್ಲ. 240ರಿಂದ 360ಕ್ಕೆ ಒಂದೂವರೆಯೂ ಇಲ್ಲ. ಪಂದ್ಯ ಆಡಿ ದುಡ್ಡು ಗೆಲ್ಲುವವರಿಗೆ ಬಿಡಿ, ಉಳಿದವರು ಆ ದುಡ್ಡನ್ನು ಕಾರ್ಡಿಗೆ ಹಾಕುವುದು ವಾಸಿ. 4ಕೆ ಪರದೆಯಲ್ಲಿ 144 ಬೇಕೆಂದರೆ 2867 ಕೋಟಿ ಬಿಟ್ ಆಯಿತು, ಡಿಸ್‌ಪ್ಲೇಪೋರ್ಟ್ 1.4 ಕೂಡ ಚಿತ್ರವನ್ನು ಹಿಂಡಿಯೇ ಕಳಿಸಬೇಕು. ಮತ್ತೆ, ದಯವಿಟ್ಟು, ಕೇಬಲ್ಲನ್ನು ಕಂಪ್ಯೂಟರ್ ಡಬ್ಬಿಯ ಹಿಂದೆ ಮೇಲ್ಗಡೆ ಇರುವ ಮದರ್‌ಬೋರ್ಡ್ ಕಿಂಡಿಗೆ ಹಾಕಬೇಡಿ. ಕೆಳಗೆ ಅಡ್ಡ ಮಲಗಿರುತ್ತದಲ್ಲ ಕಾರ್ಡು, ಅದರ ಕಿಂಡಿಗೇ ಹಾಕಿ. ಸಾವಿರಗಟ್ಟಲೆ ಕೊಟ್ಟ ಕಾರ್ಡ್ ಇಟ್ಟುಕೊಂಡು ಪರದೆಯನ್ನು ಅದಕ್ಕೆ ಸಿಕ್ಕಿಸದವರನ್ನು ಕಂಡಿದ್ದೇನೆ.

ಹುಡುಗ ಹೊರಟ ಮೇಲೆ ಹೆಂಡತಿಯನ್ನು ಕೂರಿಸಿ 165 ತೋರಿಸಿದೆ. ‘ಏನ್ರೀ ವ್ಯತ್ಯಾಸ? ಮೊದಲೂ ಹೀಗೇ ಇತ್ತು’ ಎಂದಳು. ಅವಳದು ತಪ್ಪಲ್ಲ, ನಾಲ್ಕು ದಿನ ನಾನೇ ಹಾಗೆ ಹೇಳುತ್ತಿದ್ದೆ. ಅರ್ಧ ಗಂಟೆ ಅದರಲ್ಲೇ ಏನೋ ಓದುತ್ತ, ಸೀರೆ ನೋಡುತ್ತ ಕೂತಿದ್ದಳು. ಆಮೇಲೆ ಹೋಗಿ ತನ್ನ ಲ್ಯಾಪ್‌ಟಾಪ್ ತೆರೆದಳು. ಎರಡೇ ನಿಮಿಷ, ಒಳಗಿನಿಂದ ಕೂಗು ಬಂತು.

‘ರೀ, ಇದ್ಯಾಕೋ ಸ್ಲೋ ಆಗಿದೆ. ವೈರಸ್ ಗಿರಸ್ ಬಂದಿದೆಯಾ ಸ್ವಲ್ಪ ನೋಡಿ.’