ಸದ್ದಿಲ್ಲದ ಡೆಲಿರಿಯಂ

ಆಸ್ಪತ್ರೆಗೆ ದಾಖಲಾದ ಹಿರಿಯರ ಗಮನ ಮತ್ತು ಅರಿವು ಕೆಲವೇ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಹದಗೆಟ್ಟು, ಗಳಿಗೆಗೊಮ್ಮೆ ಏರುಪೇರಾಗುವ ಸ್ಥಿತಿಯನ್ನು ಡೆಲಿರಿಯಂ ಎನ್ನುತ್ತೇವೆ. ಕೂಗಾಡುವ, ಡ್ರಿಪ್ಪಿನ ಸೂಜಿ ಕಿತ್ತುಹಾಕುವ ರೋಗಿಯತ್ತ ಇಡೀ ವಾರ್ಡು ಧಾವಿಸುತ್ತದೆ. ಆದರೆ ಹಿರಿಯರ ಚಿಕಿತ್ಸೆಯಲ್ಲಿ ತೊಡಗಿರುವ ನನಗೆ ಹೆಚ್ಚು ಕಳವಳ ತರುವವರು, ಯಾರಿಗೂ ತೊಂದರೆ ಕೊಡದೆ ಮಲಗಿರುವ, ಕೇಳಿದ್ದಕ್ಕೆಲ್ಲ ಹೂಂಗುಟ್ಟಿ ಮತ್ತೆ ಮಂಪರಿಗೆ ಜಾರುವ ರೋಗಿಗಳು. ವಯಸ್ಸಾದವರಲ್ಲಿ ಈ ಮಂಕು ಬಗೆಯೇ ಹೆಚ್ಚಾಗಿದ್ದರೂ ಅದನ್ನು ಸುಸ್ತು, ಖಿನ್ನತೆ ಅಥವಾ ವಯೋಸಹಜವೆಂದು ಬಗೆದು ಮುಂದೆ ಸಾಗುವುದೇ ಹೆಚ್ಚು.

ಇದನ್ನು ಗುರುತಿಸಲು ಸ್ಕ್ಯಾನ್ ಬೇಕಿಲ್ಲ. ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳುಗಳನ್ನು ಹೇಳಿ ಎಂದು ಕೇಳುತ್ತೇವೆ. 'ಡಿಸೆಂಬರ್, ನವೆಂಬರ್' ಎಂದು ಶುರುಮಾಡಿದವರು ಅಕ್ಟೋಬರ್ ಹೊತ್ತಿಗೆ ನಿಂತು, ಪಕ್ಕದ ಮಂಚದತ್ತ ಕಣ್ಣು ಹಾಯಿಸಿ, ಏನು ಹೇಳುತ್ತಿದ್ದೆವೆಂಬುದನ್ನೇ ಮರೆತರೆ ಅಲ್ಲಿ ಕುಸಿದಿರುವುದು ಗಮನ. ಮರೆಗುಳಿತನ (ಡಿಮೆನ್ಷಿಯಾ) ತಿಂಗಳು, ವರ್ಷಗಳ ಅವಧಿಯಲ್ಲಿ ಬೆಳೆಯುತ್ತದೆ. ಡೆಲಿರಿಯಂ ನಿನ್ನೆ ಮೊನ್ನೆಯದು. ಬೆಳಗಿನ ರೌಂಡ್ಸ್‌ನಲ್ಲಿ ಚೆನ್ನಾಗಿಯೇ ಮಾತನಾಡಿದವರು ಸಂಜೆಗೆ ಮಗಳ ಗುರುತು ಹಿಡಿಯದಿರಬಹುದು. ಹಾಗಾಗಿ 'ಇವರು ಹೀಗಿರಲಿಲ್ಲ, ಡಾಕ್ಟರೇ' ಎಂದು ಮನೆಯವರು ಹೇಳುವ ಮಾತಿಗೆ ನಾನು ರಕ್ತಪರೀಕ್ಷೆಯ ವರದಿಯಷ್ಟೇ ಬೆಲೆ ಕೊಡುತ್ತೇನೆ.

ಕಾರಣ ಬಹುಪಾಲು ಮಿದುಳಿನ ಹೊರಗಿರುತ್ತದೆ: ಸೋಂಕು, ನಿರ್ಜಲೀಕರಣ, ರಕ್ತದಲ್ಲಿ ಸೋಡಿಯಂ ಇಳಿಕೆ, ಕಟ್ಟಿಕೊಂಡ ಮೂತ್ರ, ಮಲಬದ್ಧತೆ, ಹೇಳಿಕೊಳ್ಳಲಾಗದ ನೋವು. ಇವುಗಳ ಜೊತೆಗೆ ಔಷಧಿಗಳೂ ಸೇರಿಕೊಳ್ಳುತ್ತವೆ. ನಿದ್ರೆಗೆಂದು ಕೊಡುವ ಬೆಂಜೋಡಯಜೆಪೈನ್ ಮಾತ್ರೆಗಳು ಮತ್ತು ಗಮನಕ್ಕೆ ಅತ್ಯಗತ್ಯವಾದ ಅಸಿಟೈಲ್‌ಕೋಲಿನ್ ರಾಸಾಯನಿಕವನ್ನು ತಡೆಯುವ ಡೈಫೆನ್‌ಹೈಡ್ರಮಿನ್‌ನಂಥ ಹಳೆಯ ಅಲರ್ಜಿ ಔಷಧಿಗಳು ಈ ಪಟ್ಟಿಯಲ್ಲಿ ಮುಂದಿವೆ.

ಡೆಲಿರಿಯಂ ತಡೆಯುವ ದಾರಿಯನ್ನು ಅಮೆರಿಕದ ಹಿರಿಯರ ಚಿಕಿತ್ಸಾ ತಜ್ಞೆ ಶ್ಯಾರನ್ ಇನೌಯೆ ಮತ್ತು ಸಹೋದ್ಯೋಗಿಗಳು 1999ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟಿತು. 70 ವರ್ಷ ಮೇಲ್ಪಟ್ಟ 852 ರೋಗಿಗಳಲ್ಲಿ ಒಂದು ಗುಂಪಿಗೆ ಕನ್ನಡಕ ಮತ್ತು ಶ್ರವಣ ಸಾಧನ ಒದಗಿಸಿ, ನೀರು ಕುಡಿಸಿ, ನಡೆದಾಡಿಸಿ, ದಿನ ಮತ್ತು ಸ್ಥಳವನ್ನು ನೆನಪಿಸುತ್ತಾ, ರಾತ್ರಿಯ ನಿದ್ರೆ ಕೆಡದಂತೆ ನೋಡಿಕೊಂಡಾಗ ಆ ಗುಂಪಿನ ಶೇ. 9.9 ಮಂದಿಯಲ್ಲಷ್ಟೇ ಡೆಲಿರಿಯಂ ಕಂಡಿತು. ಎಂದಿನ ಆರೈಕೆ ಪಡೆದವರಲ್ಲಿ ಅದು ಶೇ. 15 ಇತ್ತು. ಒಮ್ಮೆ ಶುರುವಾದ ಮೇಲೆ ಅದರ ತೀವ್ರತೆ ಅಥವಾ ಮರುಕಳಿಕೆ ಈ ಕ್ರಮಗಳಿಂದ ಅಷ್ಟಾಗಿ ತಗ್ಗಲಿಲ್ಲ ಎಂಬುದನ್ನೂ ಅದೇ ಅಧ್ಯಯನ ದಾಖಲಿಸಿದೆ. ಇತ್ತ, ತೀವ್ರ ನಿಗಾ ಘಟಕದ ರೋಗಿಗಳಲ್ಲಿ ಭ್ರಮೆ, ಉದ್ರೇಕ ತಗ್ಗಿಸಲು ಕೊಡುವ ಹ್ಯಾಲೊಪೆರಿಡಾಲ್ ಎಂಬ ಮನೋರೋಗದ ಔಷಧಿ ಕೂಡ ಡೆಲಿರಿಯಂನ ಅವಧಿಯನ್ನು ಕಡಿಮೆ ಮಾಡಲಿಲ್ಲವೆಂದು 2018ರ ದೊಡ್ಡ ಪ್ರಯೋಗವೊಂದು ಕಂಡುಕೊಂಡಿತು. ಆದ್ದರಿಂದ ರೋಗಿ ದಾಖಲಾದ ಮೊದಲ ದಿನವೇ ಕನ್ನಡಕ ಬ್ಯಾಗಿನಲ್ಲಿ ಉಳಿಯದೆ ಮೂಗಿನ ಮೇಲೆ ಬರಬೇಕು, ಮನೆಯಲ್ಲಿ ನುಂಗುತ್ತಿದ್ದ ಮಾತ್ರೆಗಳೆಲ್ಲವೂ ವೈದ್ಯರ ಕಣ್ಣಿಗೆ ಬೀಳಬೇಕು, ಅನಗತ್ಯವಾದ ಮೂತ್ರದ ಕ್ಯಾತಿಟರ್ ಹೊರಬರಬೇಕು.

ಸೋಂಕು ವಾಸಿಯಾದ ಮಾತ್ರಕ್ಕೆ ಮಂಕು ಅಂದೇ ಹರಿಯುವುದಿಲ್ಲ. ಕೆಲವರಿಗೆ ವಾರಗಳು, ತಿಂಗಳುಗಳೇ ಹಿಡಿಯುತ್ತವೆ. ಡಿಸ್ಚಾರ್ಜ್ ಹೊತ್ತಿನ ಗೊಂದಲವನ್ನು ನೋಡಿ ಮರೆಗುಳಿತನವೆಂದು ಹಣೆಪಟ್ಟಿ ಹಚ್ಚದೆ, ರೋಗಿ ಪೂರ್ತಿ ಚೇತರಿಸಿಕೊಂಡ ಬಳಿಕ ನೆನಪಿನ ಪರೀಕ್ಷೆಗೆ ಮತ್ತೆ ಕರೆತರುವಂತೆ ಚೀಟಿಯಲ್ಲಿ ದಿನಾಂಕ ಸಹಿತ ಬರೆದುಕೊಡಬೇಕು.