ಅರ್ಧಕ್ಕೆ ನಿಂತರೂ ಕೆಡದ ಅನುಸ್ಥಾಪನಾ ಸ್ಕ್ರಿಪ್ಟ್

ತುಮಕೂರಿನ ಕಾಲೇಜು ಲ್ಯಾಬ್‌ಗಳ ಲಿನಕ್ಸ್ ಗಣಕಗಳನ್ನು ನೋಡಿಕೊಳ್ಳುವವರಿಗೆ ಪ್ರತಿ ಸೆಮಿಸ್ಟರ್‌ನ ಆರಂಭದಲ್ಲಿ ಬರುವ ಬೇಡಿಕೆ ಒಂದೇ: ಎಲ್ಲ ಯಂತ್ರಗಳಲ್ಲೂ ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದೇ ಆವೃತ್ತಿ ಇರಬೇಕು. ಇದಕ್ಕಾಗಿ ಬರೆಯುವ ಸ್ಕ್ರಿಪ್ಟ್, ಅಂದರೆ ಆದೇಶಗಳನ್ನು ಸಾಲಾಗಿ ಓಡಿಸುವ ಕಡತ, ಮೊದಲ ಸಲ ಸರಿಯಾಗಿ ಓಡಿತೆಂದರೆ ಸಾಲದು. ನಡುವೆ ಕರೆಂಟು ಹೋಗಿ, ಅರ್ಧ ಮುಗಿದ ಯಂತ್ರದ ಮೇಲೆ ಅದನ್ನೇ ಮತ್ತೆ ಓಡಿಸಿದಾಗ ಏನಾಗುತ್ತದೆ ಎಂಬುದರಿಂದಲೇ ನಾನು ಅದರ ಗುಣವನ್ನು ಅಳೆಯುತ್ತೇನೆ.

ಉಬುಂಟು ಲಿನಕ್ಸ್‌ನಲ್ಲಿ ತಂತ್ರಾಂಶ ಹಾಕುವ ಆಪ್ಟ್ ಆದೇಶದ ಮೂಲಕ ಗೋ ಹಾಕುವುದು ಸುಲಭ, ನಿಜ. ಆದರೆ ಉಬುಂಟು 22.04ರ ಭಂಡಾರದಲ್ಲಿ ಪೂರ್ವನಿಯೋಜಿತವಾಗಿ ಸಿಗುವುದು ಗೋ 1.18, 24.04ರಲ್ಲಿ 1.22. ಎರಡೂ ಬಗೆಯ ಯಂತ್ರಗಳಿರುವ ಲ್ಯಾಬ್‌ನಲ್ಲಿ ಪಾಠ ಒಂದಾಗಿದ್ದರೂ ಫಲಿತಾಂಶ ಬೇರೆಯಾಗುತ್ತದೆ. ಆದ್ದರಿಂದ ಗೋದ ಅಧಿಕೃತ ಟಾರ್ ಕಡತವನ್ನೇ (ಎಲ್ಲ ಕಡತಗಳನ್ನು ಒಂದಾಗಿ ಕಟ್ಟಿದ ಗಂಟು) ತರಿಸಿಕೊಳ್ಳಬೇಕಾಗುತ್ತದೆ.

ಅದನ್ನು ಜಾಲದಿಂದ ಇಳಿಸುವ ಕರ್ಲ್ ಆದೇಶಕ್ಕೆ ವಿಫಲತೆಯನ್ನು ವರದಿ ಮಾಡುವ ಎಫ್ ಆಯ್ಕೆಯನ್ನು ಕೊಡದಿದ್ದರೆ, ಕಡತ ಸಿಗದಿದ್ದಾಗ ಸರ್ವರ್ ಕಳಿಸುವ 404 ದೋಷಪುಟವೇ ಟಾರ್ ಕಡತದ ಹೆಸರಿನಲ್ಲಿ ಡಿಸ್ಕಿನಲ್ಲಿ ಕುಳಿತುಕೊಳ್ಳುತ್ತದೆ. ಕಡತದ ಬೆರಳಚ್ಚಿನಂತಿರುವ ಎಸ್ಎಚ್ಎ256 ಮೊತ್ತವನ್ನು ತಾಳೆ ನೋಡುವುದು ಕಡ್ಡಾಯ. ಆ ಮೊತ್ತವನ್ನು ಕಡತದ ಜೊತೆಗೇ ಇಳಿಸಿಕೊಳ್ಳದೆ, ಆವೃತ್ತಿ ಸಂಖ್ಯೆಯ ಪಕ್ಕದಲ್ಲಿ ಸ್ಕ್ರಿಪ್ಟಿನೊಳಗೇ ಬರೆದಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಎರಡೂ ಒಂದೇ ಕಡೆಯಿಂದ ಬಂದರೆ ಕಡತವನ್ನು ಬದಲಿಸಿದವರು ಮೊತ್ತವನ್ನೂ ಬದಲಿಸಿರಬಹುದು. ಸ್ಕ್ರಿಪ್ಟಿನ ಮೊದಲ ಸಾಲು, ಅದನ್ನು ಓಡಿಸುವ ಶೆಲ್ ಆಗಿ ಬ್ಯಾಶ್ ಅನ್ನೇ ಹೆಸರಿಸಲಿ. ಉಬುಂಟುವಿನಲ್ಲಿ ಎಸ್‌ಎಚ್ ಎಂದರೆ ಡ್ಯಾಶ್. ಉಬುಂಟುವಿನ ಈ ಎರಡು ಆವೃತ್ತಿಗಳಲ್ಲಿರುವ ಡ್ಯಾಶ್‌ಗೆ, ಪೈಪಿನಲ್ಲಿ ಜೋಡಿಸಿದ ಆದೇಶಗಳಲ್ಲಿ ಯಾವುದು ಸೋತರೂ ಸೋಲೆಂದು ಎಣಿಸುವ ಪೈಪ್‌ಫೇಲ್ ಆಯ್ಕೆ ತಿಳಿಯದು.

ನಿಜವಾದ ಅಪಾಯವಿರುವುದು ಕಡತವನ್ನು ಬಿಚ್ಚುವ ಹಂತದಲ್ಲಿ. ಹಳೆಯ ಗೋ ಡೈರೆಕ್ಟರಿಯ ಮೇಲೆಯೇ ಹೊಸದನ್ನು ಬಿಚ್ಚಿದರೆ ಎರಡು ಆವೃತ್ತಿಗಳ ಕಡತಗಳು ಬೆರೆತು ಅನುಸ್ಥಾಪನೆ ಕೆಡುತ್ತದೆ, ಹಾಗಾಗಿಯೇ ಹಳೆಯದನ್ನು ಅಳಿಸಿದ ನಂತರ ಬಿಚ್ಚಿ ಎಂದು ಗೋ ತಂಡವೇ ಹೇಳುತ್ತದೆ. ಆದರೆ ಅಳಿಸಿದ ಮರುಕ್ಷಣ ಕರೆಂಟು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ನಾನು ಅನುಸರಿಸುವ ಕ್ರಮ ಬೇರೆ. ಗೋ ಕೂರುವ ಯುಎಸ್ಆರ್ ಲೋಕಲ್ ಡೈರೆಕ್ಟರಿಯ ಅಡಿಯಲ್ಲೇ ಒಂದು ತಾತ್ಕಾಲಿಕ ಡೈರೆಕ್ಟರಿಯಲ್ಲಿ ಬಿಚ್ಚಿ, ಅಲ್ಲಿರುವ ಗೋವನ್ನು ಪೂರ್ಣ ಹಾದಿ ಕೊಟ್ಟು ಓಡಿಸಿ ಆವೃತ್ತಿಯನ್ನು ಖಚಿತಪಡಿಸಿಕೊಂಡು, ಬಳಿಕ ಆ ಡೈರೆಕ್ಟರಿಗೆ ಆವೃತ್ತಿಸಹಿತ ಹೆಸರಿಟ್ಟು, ಗೋ ಎಂಬ ಸಿಮ್‌ಲಿಂಕನ್ನು (ಬೇರೊಂದು ಹಾದಿಯತ್ತ ಬೊಟ್ಟು ಮಾಡುವ ಕೊಂಡಿ) ಕೊನೆಯಲ್ಲಿ ಅದರತ್ತ ತಿರುಗಿಸುತ್ತೇನೆ. ಒಂದೇ ಫೈಲ್‌ಸಿಸ್ಟಮ್‌ನೊಳಗಿನ ಹೆಸರು ಬದಲಾವಣೆ ಒಂದೇ ಏಟಿಗೆ ಆಗುವ ಕೆಲಸವಾದ್ದರಿಂದ, ಸಿಮ್‌ಲಿಂಕನ್ನೂ ಬೇರೆ ಹೆಸರಿನಲ್ಲಿ ಸೃಷ್ಟಿಸಿ ಹಳೆಯದರ ಸ್ಥಾನಕ್ಕೆ ಸರಿಸಿದರೆ, ಯಾವ ಕ್ಷಣದಲ್ಲಿ ನಿಂತರೂ ಹಳೆಯದೋ ಹೊಸದೋ ಒಂದು ಪೂರ್ಣ ಗೋ ಉಳಿದಿರುತ್ತದೆ. ಮರುಓಟದಲ್ಲಿ ಆವೃತ್ತಿಸಹಿತ ಹೆಸರು ಕಂಡರೆ ಆ ಹಂತವನ್ನು ದಾಟಿ ಹೋಗಬಹುದು.

ಆದೇಶಗಳನ್ನು ಯಾವ ಡೈರೆಕ್ಟರಿಗಳಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕೆಂದು ಹೇಳುವ ಪಾಥ್ ಪಟ್ಟಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಹೊಸ ಹಾದಿಯನ್ನು ಪಾಥ್‌ನ ಕೊನೆಗೆ ಸೇರಿಸುವುದು ರೂಢಿ. ಯಂತ್ರದಲ್ಲಿ ಆಪ್ಟ್ ಹಾಕಿದ ಗೋ ಇದ್ದರೆ ಆಗ ಹಳೆಯದೇ ಮೊದಲು ಸಿಗುತ್ತದೆ. ಮುಂದೆ ಸೇರಿಸಿ. ಲಾಗಿನ್ ಆದಾಗ ಓಡುವ ಕಡತಗಳ ಪ್ರೊಫೈಲ್ ಡಿ ಡೈರೆಕ್ಟರಿಯಲ್ಲಿಟ್ಟ ಈ ಸಾಲು ಮುಂದಿನ ಲಾಗಿನ್‌ನಿಂದ ಮಾತ್ರ ಜಾರಿಗೆ ಬರುವುದನ್ನು ಸ್ಕ್ರಿಪ್ಟೇ ಕೊನೆಯಲ್ಲಿ ಮುದ್ರಿಸಿ ಹೇಳಲಿ, ಇಲ್ಲವಾದರೆ ತೆರೆದಿರುವ ಟರ್ಮಿನಲ್ಲಿನಲ್ಲಿ ಆದೇಶ ಸಿಗದೆ ವಿದ್ಯಾರ್ಥಿಗಳು ಅನುಸ್ಥಾಪನೆಯೇ ಆಗಿಲ್ಲವೆಂದು ಭಾವಿಸುತ್ತಾರೆ.

ಪಾವಗಡ, ಮಧುಗಿರಿ ಕಡೆಯ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ಇದೇ ಸ್ಕ್ರಿಪ್ಟನ್ನು ಪೆನ್‌ಡ್ರೈವ್‌ನಲ್ಲಿ ಮನೆಗೆ ಒಯ್ಯುತ್ತಾರೆ. ಅವರಿಗಾಗಿ, ಟಾರ್ ಕಡತ ಪಕ್ಕದಲ್ಲೇ ಇದ್ದು ಮೊತ್ತ ತಾಳೆಯಾದರೆ ಜಾಲವನ್ನು ಮುಟ್ಟಲೇಬಾರದೆಂಬ ಷರತ್ತನ್ನು ಸೇರಿಸಿದ್ದೇನೆ. 2023ರಲ್ಲಿ ಬಂದ ಗೋ 1.21ರಿಂದೀಚೆಗೆ ಇನ್ನೊಂದು ಎಚ್ಚರವೂ ಬೇಕು. ಪ್ರಾಜೆಕ್ಟಿನ ಮಾಡ್ಯೂಲ್ ಕಡತ ಹೆಚ್ಚಿನ ಆವೃತ್ತಿಯನ್ನು ಕೇಳಿದರೆ ಗೋ ತಾನಾಗಿಯೇ ಅದನ್ನು ಇಳಿಸಿಕೊಳ್ಳಲು ಹೊರಡುತ್ತದೆ. ಗೋಟೂಲ್‌ಚೈನ್ ಎಂಬ ಚರಕ್ಕೆ ಲೋಕಲ್ ಎಂಬ ಮೌಲ್ಯವನ್ನು ಕೊಟ್ಟರೆ, ಸಿಗ್ನಲ್ ಇಲ್ಲದ ಮನೆಯಲ್ಲಿ ಅದು ಜಾಲಕ್ಕಾಗಿ ಕಾಯದೆ, ಬೇಕಾದ ಆವೃತ್ತಿ ಯಾವುದೆಂದು ಕೂಡಲೇ ತಿಳಿಸಿ ನಿಲ್ಲುತ್ತದೆ.